ಸೆಕ್‌ಪಾಲ್‌ನಲ್ಲಿ ‘ನೋ ಆಡಿಟಿಂಗ್’ ಅಂತಿದೆ, ಲಾಗ್ ಮಾತ್ರ ತುಂಬ್ತಾ ಇದೆ. ಯಾವುದನ್ನ ನಂಬೋದು?

ಪ್ರಶ್ನೆ (ಮೈಸೂರು)

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಆಫೀಸು. ವಿಂಡೋಸ್ ಸರ್ವರ್ 2019, ಡೊಮೇನ್‌ಗೆ (ಆಫೀಸಿನ ಕಂಪ್ಯೂಟರ್, ಅಕೌಂಟ್‌ಗಳನ್ನ ಒಂದೇ ಕಡೆಯಿಂದ ನಡೆಸೋ ವ್ಯವಸ್ಥೆ) ಸೇರಿದೆ. ಸೆಕ್‌ಪಾಲ್ (ಲೋಕಲ್ ಸೆಕ್ಯುರಿಟಿ ಪಾಲಿಸಿ ವಿಂಡೋ) ತೆಗೆದು, ಯಾವ ಘಟನೆ ದಾಖಲಾಗಬೇಕು ಅಂತ ಹೇಳೋ ಆಡಿಟ್ ಪಾಲಿಸಿ ನೋಡಿದ್ರೆ 9 ಸಾಲಿನಲ್ಲೂ ‘ನೋ ಆಡಿಟಿಂಗ್’. ಆದ್ರೆ ಸೆಕ್ಯುರಿಟಿ ಲಾಗ್‌ನಲ್ಲಿ 4624 (ಲಾಗಿನ್ ಆಯ್ತು), 4625 (ಲಾಗಿನ್ ವಿಫಲ) ಬೀಳ್ತಾನೇ ಇವೆ. ಜೊತೆಗೆ ಯೂಸರ್ ರೈಟ್ಸ್‌ನ ‘ಲಾಗ್ ಆನ್ ಆಸ್ ಎ ಸರ್ವಿಸ್’ನಲ್ಲಿ (ಸರ್ವಿಸ್ ಓಡಿಸೋ ಹಕ್ಕಿರೋ ಅಕೌಂಟ್‌ಗಳ ಪಟ್ಟಿ) ಒಂದು ಹೆಸರಿನ ಜಾಗದಲ್ಲಿ ಎಸ್-1-5-21 ಅಂತ ಶುರುವಾಗೋ ಉದ್ದನೆ ನಂಬರ್ ಇದೆ. ಜಿಪಿಅಪ್‌ಡೇಟ್ ಫೋರ್ಸ್ (ಪಾಲಿಸಿಗಳನ್ನ ಮತ್ತೆ ಜಾರಿ ಮಾಡೋ ಕಮಾಂಡ್), ರೀಸ್ಟಾರ್ಟ್ ಎರಡೂ ಆಯ್ತು. ಸೋಮವಾರ ಆಡಿಟರ್‌ಗೆ ಸ್ಕ್ರೀನ್‌ಶಾಟ್ ಕೊಡಬೇಕು.

ಉತ್ತರ 1

ಸರ್, ಆ 9 ಸಾಲು ಹಳೇ ಪದ್ಧತಿ. ಈಗ ಕೆಲಸ ಮಾಡೋದು ಆ ಸಾಲುಗಳನ್ನ ಇನ್ನೂ ಸಣ್ಣದಾಗಿ ಒಡೆದ ಸಬ್‌ಕೆಟಗರಿಗಳು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಆಡಿಟ್‌ಪಾಲ್, ಸ್ಪೇಸ್, ಸ್ಲ್ಯಾಶ್ ಗೆಟ್, ಸ್ಪೇಸ್, ಸ್ಲ್ಯಾಶ್ ಕೆಟಗರಿ, ಕೋಲನ್, ಸ್ಟಾರ್ ಹೊಡೀರಿ. ಸರ್ವರ್ ಈ ಕ್ಷಣ ಏನು ಪಾಲಿಸ್ತಿದೆಯೋ ಅದೇ ಅಲ್ಲಿ ಬರುತ್ತೆ. ಯಾರೂ ಏನೂ ಸೆಟ್ ಮಾಡದಿದ್ರೂ ಸರ್ವರ್ ಆವೃತ್ತಿಗಳಲ್ಲಿ ‘ಲಾಗಾನ್’ಗೆ ಸಕ್ಸೆಸ್, ಫೈಲ್ಯೂರ್ ಎರಡೂ ಮೊದಲಿಂದಲೇ ಆನ್ ಇರುತ್ತೆ. ನಿಮ್ಮ 4624, 4625 ಬರ್ತಿರೋದು ಬಹುಶಃ ಅಲ್ಲಿಂದಲೇ.

ಸೆಕ್‌ಪಾಲ್‌ನ ಕೊನೇಲಿರೋ ‘ಅಡ್ವಾನ್ಸ್ಡ್ ಆಡಿಟ್’ ಕೂಡ ಲೋಕಲ್ ಪಾಲಿಸಿ ಫೈಲ್‌ನಲ್ಲಿ ಬರೆದಿರೋದನ್ನಷ್ಟೇ ತೋರಿಸುತ್ತೆ. ಡೊಮೇನ್‌ನಿಂದ ಬಂದದ್ದು, ಆಡಿಟ್‌ಪಾಲ್‌ನಿಂದ ನೇರ ಹಾಕಿದ್ದು ಅಲ್ಲಿ ‘ನಾಟ್ ಕಾನ್ಫಿಗರ್ಡ್’ ಅಂತಲೇ ಇರುತ್ತೆ. ಸ್ಕ್ರೀನ್ ಸರಿ ಕಾಣಲಿ ಅಂತ ಹಳೇ 9 ಸಾಲನ್ನ ಮಾತ್ರ ಮುಟ್ಟಬೇಡಿ. ಹಳೇ ಸಾಲು, ಸಬ್‌ಕೆಟಗರಿ ಎರಡೂ ಬೆರೆತರೆ ಯಾವುದು ಗೆದ್ದಿತು ಅಂತ ಹುಡುಕೋದೇ ಕೆಲಸ ಆಗುತ್ತೆ.

ಆಡಿಟರ್‌ಗೆ ಸೆಕ್‌ಪಾಲ್ ಚಿತ್ರ ಬೇಡ. ಆಡಿಟ್‌ಪಾಲ್ ಔಟ್‌ಪುಟ್ ಜೊತೆ ಜಿಪಿರಿಸಲ್ಟ್‌ ಕಮಾಂಡ್‌ನ ಎಚ್‌ಟಿಎಂಎಲ್ ರಿಪೋರ್ಟ್ ಕೊಡಿ, ‘ವಿನ್ನಿಂಗ್ ಜಿಪಿಓ’, ಅಂದ್ರೆ ಯಾವ ಗ್ರೂಪ್ ಪಾಲಿಸಿಯ ಸೆಟ್ಟಿಂಗ್ ಜಾರಿಯಾಯ್ತೋ ಅದರ ಹೆಸರು ಅದರಲ್ಲಿರುತ್ತೆ. ಅದನ್ನೂ ಅಡ್ಮಿನ್ ಆಗಿಯೇ ಓಡಿಸಿ, ಇಲ್ಲದಿದ್ರೆ ಕಂಪ್ಯೂಟರ್ ಭಾಗ ಬರಲ್ಲ.

ಉತ್ತರ 2 (ಮಂಡ್ಯ)

ಆ ಎಸ್-1-5-21 ನಂಬರ್ ವಿಷಯ. ಅದು ಅಕೌಂಟ್‌ನ ಒಳಗಿನ ಗುರುತು, ಹೆಸರು ಸಿಗದಿದ್ರೆ ಅದೇ ಕಾಣುತ್ತೆ. ಡೊಮೇನ್ ಹೆಸರುಗಳೆಲ್ಲ ನಂಬರ್ ಆಗಿ ಕಂಡರೆ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ (ಡೊಮೇನ್ ಅಕೌಂಟ್‌ಗಳನ್ನ ಇಟ್ಟಿರೋ ಸರ್ವರ್) ಸಿಗ್ತಿಲ್ಲ ಅಂತ. ನೆಟ್‌ವರ್ಕ್ ಕಾರ್ಡ್‌ನ ಡಿಎನ್‌ಎಸ್ ನೋಡಿ, ಅಲ್ಲಿ ರೂಟರ್ ಅಡ್ರೆಸ್ಸೋ 8.8.8.8ಓ (ಗೂಗಲ್‌ನ ಡಿಎನ್‌ಎಸ್) ಇದ್ದರೆ ತೆಗೆದು ಕಂಟ್ರೋಲರ್ ಐಪಿ ಹಾಕಿ. ನಿಮ್ಮಲ್ಲಿ ಒಂದೇ ನಂಬರ್ ಇರೋದ್ರಿಂದ ಆ ಅಕೌಂಟ್ ಡಿಲೀಟ್ ಆಗಿರೋ ಸಾಧ್ಯತೆಯೇ ಹೆಚ್ಚು.

ಅಳಿಸೋ ಮುಂಚೆ ಸರ್ವಿಸಸ್ ತೆಗೆದು ‘ಲಾಗ್ ಆನ್ ಆಸ್’ ಕಾಲಮ್ ಒಮ್ಮೆ ಓದಿ, ಸೆಕ್‌ಎಡಿಟ್ ಕಮಾಂಡ್‌ನಿಂದ ಈಗಿನ ಸೆಟ್ಟಿಂಗ್ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಕೊಳ್ಳಿ. ‘ಆಡ್ ಯೂಸರ್’ ಬಟನ್ ಮಂಕಾಗಿದ್ರೆ ಆ ಸೆಟ್ಟಿಂಗ್ ಡೊಮೇನ್ ಜಿಪಿಓದಿಂದ ಬಂದದ್ದು, ಅಲ್ಲೇ ಸರಿಮಾಡಬೇಕು.

ಆ ಜಿಪಿಓ ತೆಗೆದಾಗ ಎಸ್-1-5-80 ಅಥವಾ ಎಸ್-1-5-82ರಿಂದ ಶುರುವಾಗೋವು ಕಂಡರೆ ದಯವಿಟ್ಟು ಅಳಿಸಬೇಡಿ. ಅವು ಎಸ್‌ಕ್ಯೂಎಲ್‌ನಂಥ ಸರ್ವಿಸ್‌ಗಳವು, ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ಆ್ಯಪ್ ಪೂಲ್‌ಗಳವು. ಆ ಸಾಫ್ಟ್‌ವೇರ್ ಇಲ್ಲದ ಮೆಷಿನ್‌ನಲ್ಲಿ ಕೂತು ನೋಡಿದ್ರೆ ಹೆಸರು ಬರಲ್ಲ ಅಷ್ಟೇ. ತೆಗೆದರೆ ಮುಂದಿನ ರೀಸ್ಟಾರ್ಟ್‌ಗೆ ಸರ್ವಿಸ್ ಏಳೋದೇ ಇಲ್ಲ.

ಪ್ರಶ್ನೆ ಕೇಳಿದವರು

ಆಡಿಟ್‌ಪಾಲ್‌ನಲ್ಲಿ ‘ಲಾಗಾನ್’ ಮುಂದೆ ‘ಸಕ್ಸೆಸ್ ಅಂಡ್ ಫೈಲ್ಯೂರ್’ ಬಂತು. ಆಡ್ ಬಟನ್ ಮಂಕಾಗೇ ಇದೆ, ನಂಬರನ್ನ ಜಿಪಿಓದಲ್ಲೇ ತೆಗೀತೀನಿ.