‘ರೆಸಿಡೆನ್ಷಿಯಲ್’ಗೆ ‘ವಸ್ತಿ’ ಅನ್ನಬಹುದೇ? ಜೊತೆಗೆ ವೈಕಿಂಗರ ಪಾಠದ ಎರಡು ಪದ

ಎಲ್ಲರಿಗೂ ನಮಸ್ಕಾರ.

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮಗಳು ಇಲ್ಲಿಯ ಪ್ರೈಮರಿ ಶಾಲೆಯಲ್ಲಿ 4ನೇ ವರ್ಷ. ಈ ಟರ್ಮ್ ಪೂರ್ತಿ ಅವರಿಗೆ ವೈಕಿಂಗರ ಪಾಠ (ಸಾವಿರ ವರ್ಷಕ್ಕೂ ಹಿಂದೆ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದವರು). ಪಾಠ ಮುಗಿದ ಮೇಲೆ ಇಡೀ ಕ್ಲಾಸು ಒಂದು ದಿನ ಯಾರ್ಕ್ ನೋಡಿಕೊಂಡು, ಅಲ್ಲಿಂದ ಯಾರ್ಕ್‌ಷೈರ್ ಡೇಲ್ಸ್ ಬೆಟ್ಟಗಳ ಕಡೆ ಹೋಗಿ ಎರಡು ರಾತ್ರಿ ಉಳಿದು ಬರುತ್ತದೆ. ಇದಕ್ಕೆ ಇಲ್ಲಿ ‘ರೆಸಿಡೆನ್ಷಿಯಲ್’ ಅಂತಲೇ ಹೆಸರು. ಮುಂದೆ ‘ಟ್ರಿಪ್’ ಅಂತ ಸೇರಿಸುವ ಗೋಜಿಗೂ ಯಾರೂ ಹೋಗುವುದಿಲ್ಲ.

ಕಳೆದ ಭಾನುವಾರ ಮಗಳು ಫೋನಿನಲ್ಲಿ ತುಮಕೂರಿನ ಅಜ್ಜಿಗೆ “ನಾನು ರೆಸಿಡೆನ್ಷಿಯಲ್‌ಗೆ ಹೋಗ್ತೀನಿ” ಅಂದಳು. ನಮ್ಮಮ್ಮನಿಗೆ ಗೊತ್ತಿರುವ ರೆಸಿಡೆನ್ಷಿಯಲ್ ಅಂದ್ರೆ ಮೊರಾರ್ಜಿ ದೇಸಾಯಿ ವಸತಿ ಶಾಲೆ. ತಕ್ಷಣ ಫೋನು ನನ್ನ ಕೈಗೆ ಬಂತು. “ಎಂಟು ವರ್ಷದ ಮಗೂನ ಹಾಸ್ಟೆಲಿಗೆ ಹಾಕ್ತಿದ್ದೀರೇನೋ? ನೋಡ್ಕೊಳ್ಳೋಕೆ ಆಗದಿದ್ರೆ ಇಲ್ಲಿಗೆ ಕಳ್ಸು.” ನಾನು ಸಮಾಧಾನ ಮಾಡೋಣ ಅಂತ “ಇಲ್ಲಮ್ಮ, ಸುಮ್ನೆ ವಸತಿ ಪ್ರವಾಸ” ಅಂದೆ. ಆ ‘ವಸತಿ’ಯಿಂದ ಇನ್ನೂ ಕೆಟ್ಟಿತು.

ಅದೇ ಸಂಜೆ ನನ್ನ ಹೆಂಡತಿ ಗದಗಿಗೆ ಫೋನ್ ಮಾಡಿದ್ದಳು. ಅವರಮ್ಮನಿಗೆ ಹೇಳಿದ್ದು ಒಂದೇ ಮಾತು: “ಸಾಲಿಯವ್ರು ಎರಡು ದಿವ್ಸ ವಸ್ತಿ ಕರ್ಕೊಂಡು ಹೊಂಟಾರ.” ಅತ್ತೆ “ಹಾಸಿಗಿ ಒಯ್ಬೇಕೇನು?” ಅಂತ ಕೇಳಿ, ಮಳೆಯ ಮಾತಿಗೆ ಹೋದರು. ಗಾಬರಿಯೂ ಇಲ್ಲ, ವಿವರಣೆಯೂ ಬೇಕಾಗಲಿಲ್ಲ.

ಹಾಗಾಗಿ ನನ್ನ ಮುಖ್ಯ ಪ್ರಶ್ನೆ ಈ ‘ವಸ್ತಿ’ಯದು. ಉತ್ತರ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. ‘ವಸ್ತಿ ಇರು’ ಅಂದ್ರೆ ಬೇರೆ ಕಡೆ ರಾತ್ರಿ ಉಳಿಯೋದು. “ಕತ್ತಲಾತು, ಇವತ್ತ ವಸ್ತಿ ಇದ್ದು ಮುಂಜಾನೆ ಹೋಗ್ರಿ.” ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಿಗ್ಗೆ ಹೊರಡುವುದು ವಸ್ತಿ ಬಸ್ಸು. ನಮ್ಮ ಕಡೆ ಅದು ‘ನೈಟ್ ಹಾಲ್ಟ್ ಬಸ್ಸು’. ಮೂಲ ಸಂಸ್ಕೃತದ ವಸತಿಯೇ. ಜೈನರ ಬಸದಿಯೂ ಅದರಿಂದಲೇ ಬಂದದ್ದು. ಆದರೆ ವಸತಿ ಅನ್ನೋದು ವಸತಿ ನಿಲಯ, ವಸತಿ ಯೋಜನೆ ಅಂತ ಸರ್ಕಾರಿ ಬೋರ್ಡು ಹತ್ತಿ ಕೂತು, ಗಂಟುಮೂಟೆ ಸಮೇತ ಹೋಗಿ ಇರುವ ಅರ್ಥಕ್ಕೆ ಬಂದಿದೆ. ವಸ್ತಿಯಲ್ಲಿ ಆ ಭಾರ ಇಲ್ಲ. ವಸ್ತಿಗೆ ಹೋದವರು ವಾಪಸ್ ಬರುತ್ತಾರೆ ಅನ್ನೋದು ಪದದಲ್ಲೇ ಇದೆ. (ಆಯುರ್ವೇದದ ವಸ್ತಿ ಚಿಕಿತ್ಸೆ ಬೇರೆ ಪದ. ಮಕ್ಕಳ ಪ್ರವಾಸದ ಮಾತಿನಲ್ಲಿ ಅದನ್ನು ನೆನೆಸಿಕೊಳ್ಳೋದು ಬೇಡ.)

ಶಿಬಿರ ಅನ್ನಿ ಅಂತ ಒಬ್ಬ ಗೆಳೆಯರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅದು ಮೊದಲು ಸೈನ್ಯದ ಬೀಡೇ ಇರಬಹುದು. ಈಗ ರಕ್ತದಾನ ಶಿಬಿರ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಬೇಸಿಗೆ ಶಿಬಿರದ ಮಕ್ಕಳು ಸಂಜೆ ಮನೆಯಲ್ಲಿರುತ್ತಾರೆ. ರಾತ್ರಿ ಉಳಿಯುವ ಅರ್ಥ ಅದರಿಂದ ಸೋರಿಹೋಗಿದೆ. ಇನ್ನು ‘ಟೂರು’ ಅಂದ್ರೆ ನಮ್ಮ ಕಾಲದ ಶಾಲೆಯ ಟೂರು ಕಣ್ಣಿಗೆ ಬರುತ್ತದೆ: ಮೂರು ದಿನ, ಒಂಬತ್ತು ಊರು, ಬಸ್ಸಿನಲ್ಲೇ ನಿದ್ದೆ. ಇದು ಅದಲ್ಲ.

ಈಗ ವೈಕಿಂಗರ ಪಾಠಕ್ಕೆ ಬರುತ್ತೇನೆ. ಮಗಳ ಹಾಳೆಯಲ್ಲಿ ಮೂರು ಕಾಲಂ ಇದೆ. ವೈಕಿಂಗರು ರೇಡರ್ಸಾ, ಟ್ರೇಡರ್ಸಾ, ಸೆಟ್ಲರ್ಸಾ? ಒಂದೊಂದು ಸಂಗತಿಯನ್ನೂ ಸರಿಯಾದ ಕಾಲಮಿನಲ್ಲಿ ಬರೆಯಬೇಕು. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ಬಿದ್ದದ್ದು ಮೊದಲನೆಯದರಲ್ಲಿ. ಯಾರ್ಕಿನ ಕಾಪರ್‌ಗೇಟ್‌ನಲ್ಲಿ ಅಗೆದಾಗ ಸಿಕ್ಕ ಬಟ್ಟಲು, ಬಾಚಣಿಗೆ, ರೇಷ್ಮೆ ಎರಡನೆಯದರಲ್ಲಿ. ಅಂದ ಹಾಗೆ, ಆ ‘ಗೇಟ್’ ಬಾಗಿಲಲ್ಲ. ವೈಕಿಂಗರ ಮಾತಿನಲ್ಲಿ ‘ಗಾಟಾ’ ಅಂದ್ರೆ ಬೀದಿ. ಕಾಪರ್‌ಗೇಟ್ ಅಂದ್ರೆ ಮರದ ಬಟ್ಟಲು ಕಡೆಯುವವರ ಬೀದಿ. ನಮ್ಮ ಬಳೇಪೇಟೆ, ಕುಂಬಾರಪೇಟೆ ಇದ್ದ ಹಾಗೆ ಅಲ್ವಾ?

ಟ್ರೇಡರ್ಸ್‌ಗೆ ವ್ಯಾಪಾರಸ್ಥರು, ಅಲ್ಲಿ ತಕರಾರಿಲ್ಲ. ಮೊದಲನೆಯದಕ್ಕೆ ‘ದಾಳಿ’ ಅಂತ ಬರೆಸಿದೆ. ಆದರೆ ಪೇಪರ್ ಓದುವ ನನಗೆ ದಾಳಿ ಅಂದರೆ ಈಗ ಲೋಕಾಯುಕ್ತದವರದ್ದೇ ನೆನಪು. ‘ಸೂರೆ’ ಚೆನ್ನಾಗಿದೆ, ಆದರೆ ಅದು ‘ಮನಸೂರೆಗೊಂಡಿತು’ ಅಂತ ಹೊಗಳಿಕೆಗೆ ಸೇರಿಕೊಂಡುಬಿಟ್ಟಿದೆ. ಸದ್ಯಕ್ಕೆ ‘ಕೊಳ್ಳೆ ಹೊಡೆದರು’ ಅಂತ ಇಟ್ಟಿದ್ದೇನೆ.

ಮೂರನೆಯದರಲ್ಲಿ ನನಗೆ ಖುಷಿ ಜಾಸ್ತಿ. ಡಿಕ್ಷನರಿಯಲ್ಲಿ ‘ನೆಲೆಸಿಗ’, ‘ವಲಸಿಗ’ ಅಂತೆಲ್ಲ ಸಿಗುತ್ತದೆ. ಎರಡೂ ಸಪ್ಪೆ. ನಡೆದದ್ದೇನು ಅಂತ ನೋಡಿ. 865ರಲ್ಲಿ ದೊಡ್ಡ ದಂಡು ಬಂದು ಇಂಗ್ಲೆಂಡಿನಲ್ಲೇ ಚಳಿಗಾಲ ಕಳೆಯಿತು. ಮರುವರ್ಷ ಯಾರ್ಕ್ ಹಿಡಿಯಿತು. ವರ್ಷಕ್ಕೊಂದು ಕಡೆ ಬೀಡು ಬಿಡುತ್ತಾ ಹೋಯಿತು. 876ರಲ್ಲಿ ಅವರ ನಾಯಕ ಹಾಫ್ಡನ್ ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯಾ ರಾಜ್ಯದ ನೆಲವನ್ನು ತನ್ನವರಿಗೆ ಹಂಚಿದ. ಅವರು ಉಳುಮೆಗೆ ನಿಂತರು ಅಂತ ಇಂಗ್ಲೆಂಡಿನ ಹಳೆಯ ವರ್ಷಾವಾರು ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಹೇಳುತ್ತದೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕು: ಒಕ್ಕಲಾದರು. ನೆಲೆ ನಿಂತದ್ದೂ ಅದರಲ್ಲಿದೆ, ನೇಗಿಲು ಹಿಡಿದದ್ದೂ ಇದೆ. ಆ ಒಕ್ಕಲುಗಳ ಗುರುತು ಇವತ್ತಿಗೂ ಊರ ಹೆಸರಿನಲ್ಲಿದೆ. ಸೆಲ್ಬಿ, ವಿಟ್ಬಿ, ಡರ್ಬಿ ಇವುಗಳ ಕೊನೆಯ ‘ಬಿ’ ನಮ್ಮ ‘ಹಳ್ಳಿ’ಯ ಹಾಗೆ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಇಂಗ್ಲಿಷಿನ ‘ಹಸ್ಬೆಂಡ್’ ಕೂಡ ಅವರು ಬಿಟ್ಟುಹೋದ ಪದವೇ. ಮೂಲದಲ್ಲಿ ಅದಕ್ಕೆ ಗಂಡ ಅನ್ನೋ ಅರ್ಥ ಇರಲಿಲ್ಲ. ಮನೆ ಒಕ್ಕಲಿನ ಯಜಮಾನ ಅಂತ. “ನಮ್ಮನೆ ಯಜಮಾನ್ರು” ಅನ್ನುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ವೈಕಿಂಗ್’ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ. ‘ಕಡಲ್ಗಳ್ಳರು’ ಅಂದ್ರೆ ಉಳಿದ ಎರಡು ಕಾಲಂ ಖಾಲಿಯಾಗುತ್ತವೆ. ಅವರ ಮಾತಿನಲ್ಲಿ ಅದು ಜನಾಂಗದ ಹೆಸರಲ್ಲ. ನಮ್ಮಲ್ಲಿ ‘ದಂಡಿಗೆ ಹೋದ’ ಅನ್ನುವ ಹಾಗೆ, ಅವರಲ್ಲಿ ‘ವೈಕಿಂಗ್ ಹೋದ’.

ಈಗ ವಸ್ತಿಗೆ ವಾಪಸ್. ಶಾಲೆಯವರು ತರಬೇಕಾದ ಸಾಮಾನಿನ ಪಟ್ಟಿ ಕಳಿಸಿದ್ದಾರೆ. ಟಾರ್ಚು, ಗಂಬೂಟು, ಮೂರು ಜೊತೆ ಹೆಚ್ಚುವರಿ ಕಾಲುಚೀಲ, ಹಾಳಾದರೂ ಅಳಬಾರದಂಥ ಬಟ್ಟೆ. ಯಾಕೆಂದರೆ ಎರಡನೇ ದಿನ ‘ಗಿಲ್ ಸ್ಕ್ರ್ಯಾಂಬ್ಲಿಂಗ್’ ಇದೆ. ‘ಗಿಲ್’ ಕೂಡ ವೈಕಿಂಗರ ಪದ. ಬೆಟ್ಟದ ಸಂದಿಯಲ್ಲಿ ನೀರು ಕೊರೆದ ಇಕ್ಕಟ್ಟಾದ ಜಾಗ. ನಾನು ‘ಕೊರಕಲು’ ಅಂದೆ. ಮಲೆನಾಡಿನವರ ಹತ್ತಿರ ಇದಕ್ಕಿಂತ ಒಳ್ಳೆಯ ಪದ ಇದ್ದೇ ಇರುತ್ತದೆ.

ಇಷ್ಟೆಲ್ಲ ಯಾಕೆಂದರೆ, ಬಂದ ವಾರವೇ ಮಗಳು ಶನಿವಾರದ ಕನ್ನಡ ಕ್ಲಾಸಿನಲ್ಲಿ ಐದು ವಾಕ್ಯ ಹೇಳಬೇಕು. ಹೋಗುವ ಮುಂಚೆಯೇ ಬರೆದಿಟ್ಟಿದ್ದಾಳೆ:

“ನಾವು ಶಾಲೆಯಿಂದ ಎರಡು ರಾತ್ರಿ ವಸ್ತಿ ಹೋಗಿದ್ದೆವು. ಗಂಬೂಟು ಹಾಕಿಕೊಂಡು ಕೊರಕಲಿನ ನೀರಿನಲ್ಲಿ ಹತ್ತಿದೆವು. ವೈಕಿಂಗರು ಮೊದಲು ಕೊಳ್ಳೆ ಹೊಡೆದರು, ಆಮೇಲೆ ಒಕ್ಕಲಾದರು. ಅವರ ಟೋಪಿಗೆ ಕೊಂಬು ಇರಲಿಲ್ಲ. ನನಗೆ ಅಳು ಬರಲಿಲ್ಲ.”

ಕ್ಲಾಸಿನಲ್ಲಿ ಮೈಸೂರು, ಮಂಡ್ಯ, ಹಾಸನದ ಕಡೆಯವರೇ ಜಾಸ್ತಿ. ಮೊದಲನೇ ವಾಕ್ಯ ಅವರಿಗೆ ಅರ್ಥವಾಗುತ್ತದಾ? ಆ ಕಡೆ ಯಾರಾದರೂ ‘ವಸ್ತಿ’ಯನ್ನು ಈ ಅರ್ಥದಲ್ಲಿ ಕೇಳಿದ್ದೀರಾ? ‘ವಸ್ತಿ ಹೋಗು’ ಸರಿಯೋ, ‘ವಸ್ತಿಗೆ ಹೋಗು’ ಸರಿಯೋ? ಐದನೇ ವಾಕ್ಯವನ್ನು ತಿದ್ದುವ ಅಧಿಕಾರ ನನಗಿಲ್ಲವಂತೆ, ಹಾಗಾಗಿ ಅದನ್ನು ಬಿಡಿ.