ಮಾವೊರಿ ‘ಮುರು’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

1860ರ ದಶಕದ ಶುರುವಿನಲ್ಲಿ ನ್ಯೂಜಿಲೆಂಡಿನ ವೈಕಾಟೊ ಸೀಮೆಯಲ್ಲಿ, ಅಂದರೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ನಡುವೆ, ಮ್ಯಾಜಿಸ್ಟ್ರೇಟ್ ಆಗಿದ್ದ ಜಾನ್ ಗಾರ್ಸ್ಟ್ ಬಗ್ಗೆ ಬರೆಯುತ್ತಿದ್ದೇನೆ. ಉಳಿದ ಪದಗಳು ಹೇಗೋ ಸಾಗಿವೆ. ‘ಮುರು’ ಮಾತ್ರ ಕೈಗೆ ಸಿಗುತ್ತಿಲ್ಲ.

ಏನದು ಅಂದರೆ, ತಪ್ಪು ಮಾಡಿದವನ ಮನೆಗೆ ನೊಂದವರ ಕಡೆಯವರು ಗುಂಪಾಗಿ ಬರುತ್ತಾರೆ. ಹಂದಿ, ದೋಣಿ, ಕಂಬಳಿ, ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗುತ್ತಾರೆ. ಬೇಕೆಂದೇ ಮಾಡಿದ ತಪ್ಪು ಆಗಿರಬೇಕಿಲ್ಲ. ಅಪ್ಪ ನೋಡಿಕೊಳ್ಳುತ್ತಿದ್ದಾಗ ಮಗು ಬೆಂಕಿಗೆ ಬಿದ್ದು ಸುಟ್ಟುಕೊಂಡರೂ ತಾಯಿಯ ಕಡೆಯವರು ಬರುವುದೇ. ಬರುತ್ತಾರೆ ಅಂತ ಗೊತ್ತಾದರೆ ಮನೆಯವರು ಅವರಿಗೆ ಅಡುಗೆ ಮಾಡಿಟ್ಟಿರುತ್ತಿದ್ದರು! ಯಾರೂ ಬರದಿದ್ದರೆ ಅದೇ ಅವಮಾನ. ‘ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಅಂತ.

ಇಂಗ್ಲಿಷ್ ಮ್ಯಾಜಿಸ್ಟ್ರೇಟರ ಕಣ್ಣಿಗೆ ಇದು ಹಗಲು ದರೋಡೆ. ಅವರ ಕಡೆಯಿಂದ ಬರೆದರೆ ‘ಸುಲಿಗೆ’ ಸಾಕು. ಊರವರ ಕಡೆಯಿಂದ ಬರೆದರೆ ಸಾಲದು. ‘ದಂಡ’ ಅನ್ನೋಣ ಅಂದರೆ ಅದು ಯಜಮಾನನೋ ಪಂಚಾಯತಿಯೋ ಹಾಕುವಂಥದ್ದು, ಇಲ್ಲಿ ನೊಂದವರೇ ಬಂದು ತೆಗೆದುಕೊಳ್ಳುತ್ತಾರೆ. ‘ತಪ್ಪು ಕಾಣಿಕೆ’ ಹತ್ತಿರ ಬರುತ್ತದೆ, ಆದರೆ ಅದನ್ನು ನಾವೇ ಒಯ್ದು ಕೊಡುತ್ತೇವೆ.

ಇನ್ನೂ ಒಂದು ತೊಡಕಿದೆ. ಮುರು ಅಂದರೆ ಒರೆಸು, ಎಲೆ ಕೀಳು ಅಂತಲೂ ಅರ್ಥ. ಕ್ಷಮಿಸು ಅಂತಲೂ ಅರ್ಥ. ಮಾವೊರಿ ಬೈಬಲ್ಲಿನಲ್ಲಿ ಯೇಸು ಕಲಿಸಿದ ಪ್ರಾರ್ಥನೆಯ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂಬಲ್ಲಿ ಬರುವುದೂ ಇದೇ ಕ್ರಿಯಾಪದ. ನಮ್ಮ ‘ಸುಲಿ’ ಬಾಳೆಹಣ್ಣಿಗೂ ಆಗುತ್ತದೆ, ದಾರಿಹೋಕರನ್ನು ದೋಚುವುದಕ್ಕೂ ಆಗುತ್ತದೆ. ಕ್ಷಮೆಯವರೆಗೆ ಹೋಗುವುದಿಲ್ಲ ಅಲ್ವಾ. ‘ಚುಕ್ತಾ’ ಅಂದರೆ ಹೇಗೆ? ಲೆಕ್ಕ ತೀರಿತು, ಇನ್ನು ಮಾತಿಲ್ಲ ಎಂಬ ಭಾವ ಅದರಲ್ಲಿದೆ. ಆದರೆ ಹಂದಿ ಹೊತ್ತುಕೊಂಡು ಹೋದದ್ದು ಅದರಲ್ಲಿ ಕಾಣಿಸುವುದಿಲ್ಲ.

ಪಕ್ಕದ ಪದ ‘ಉಟು’ಗೆ ಇಷ್ಟು ಕಷ್ಟವಿಲ್ಲ. ಅದು ಸಾಕ್ಷಾತ್ ನಮ್ಮ ‘ಮುಯ್ಯಿ’. ಮದುವೆಯಲ್ಲಿ ಓದಿಸುವ ಮುಯ್ಯಿಯೂ ಹೌದು, ಸೇಡಿನ ಮುಯ್ಯಿಯೂ ಹೌದು. ಇದಕ್ಕಿಂತ ಒಳ್ಳೆಯದು ಸಿಗಲಾರದು.

ಗಾರ್ಸ್ಟ್ ಹುದ್ದೆಯ ಹೆಸರಿನ ಬಗ್ಗೆಯೂ ಒಂದು ಮಾತು. ಅವನು ‘ರೆಸಿಡೆಂಟ್ ಮ್ಯಾಜಿಸ್ಟ್ರೇಟ್’. ‘ರೆಸಿಡೆಂಟ್’ ಅಂದ ತಕ್ಷಣ ನಮ್ಮವರಿಗೆ ಮೈಸೂರಿನ ರೆಸಿಡೆಂಟ್ ಸಾಹೇಬ ನೆನಪಾಗುತ್ತಾನೆ, ಅದು ಬೇರೆಯೇ ದರ್ಜೆ. ‘ಅಮಲ್ದಾರ’ ಅಂತ ಹಾಕಿ ಎಂದರು ಒಬ್ಬ ಗೆಳೆಯರು. ನನಗೆ ಒಪ್ಪಿಗೆಯಿಲ್ಲ. ಅಮಲು ನಡೆಸುವವನು ಅಮಲ್ದಾರ, ಇವನಿಗೆ ಅಮಲೇ ಇರಲಿಲ್ಲ. ತೆ ಅವಾಮುತುವಿನಲ್ಲಿ ಕಚೇರಿ ಇತ್ತು, ಸಂಬಳ ಇತ್ತು, ಮೊಕದ್ದಮೆ ಮಾತ್ರ ಬರುತ್ತಿರಲಿಲ್ಲ. 1858ರಲ್ಲಿ ಅಲ್ಲಿನ ಕುಲಗಳು ಪೊಟಟಾವುನನ್ನು ತಮ್ಮದೇ ದೊರೆಯಾಗಿ ಕೂರಿಸಿದ್ದವು. ಜನ ತಮ್ಮ ರೂನಂಗಕ್ಕೆ, ಅಂದರೆ ತಮ್ಮ ಕೂಟಕ್ಕೆ, ದೂರು ಒಯ್ಯುತ್ತಿದ್ದರು. ಇವನ ಆಜ್ಞೆ ಜಾರಿ ಮಾಡಲು ಕೈಯಲ್ಲಿ ಬಲವಿಲ್ಲ. ಕೊನೆಗೆ ಅವನ ಕೆಲಸವೆಲ್ಲ ಅಲ್ಲಿನ ಶಾಲೆಯ ಉಸ್ತುವಾರಿ, ಜೊತೆಗೆ ಒಂದು ಪತ್ರಿಕೆ. ಪತ್ರಿಕೆಯ ಹೆಸರು ‘ಮಾಳಿಗೆ ಮೇಲಿನ ಒಂಟಿ ಗುಬ್ಬಿ’. ಬೈಬಲ್ಲಿನ ಕೀರ್ತನೆಗಳ ಪುಸ್ತಕದ ಸಾಲು ಅದು, ಅವನ ಪಾಡಿಗೂ ಒಪ್ಪುತ್ತದೆ.

1863ರ ಮಾರ್ಚಿನಲ್ಲಿ ದೊರೆಯ ಪಕ್ಷದ ಮುಖಂಡ ರೇವಿ ಮನಿಯಾಪೊಟೊನ ಜನ ಬಂದು ಆ ಪತ್ರಿಕೆಯ ಅಚ್ಚುಯಂತ್ರವನ್ನೇ ಎತ್ತಿಕೊಂಡು ಹೋದರು. ಏಪ್ರಿಲ್‌ನಲ್ಲಿ ಗಾರ್ಸ್ಟ್ ಜಾಗ ಖಾಲಿ ಮಾಡಿದ. ಇದಕ್ಕೆ ಯಾವ ಕ್ರಿಯಾಪದ ಬಳಸಲಿ? ‘ದೋಚಿದರು’ ಅಂದರೆ ನಾನು ಸರ್ಕಾರದ ಪಕ್ಷ. ‘ಜಪ್ತಿ ಮಾಡಿದರು’ ಅಂದರೆ ದೊರೆಯ ಪಕ್ಷ. ನನಗೆ ‘ಜಪ್ತಿ’ ಕಡೆಗೇ ಒಲವು. ಅದು ಅವರ ಸೀಮೆ, ಅವರ ಹುಕುಂ.

ಆ ಜುಲೈನಲ್ಲಿ ಬ್ರಿಟಿಷ್ ಸೈನ್ಯ ವೈಕಾಟೊಗೆ ನುಗ್ಗಿತು. ಡಿಸೆಂಬರ್‌ನಲ್ಲಿ ಕಾನೂನು ಬಂತು, ಅದರ ಕೆಳಗೆ ಸುಮಾರು 12 ಲಕ್ಷ ಎಕರೆ ಭೂಮಿ ಹೋಯಿತು. ಸರ್ಕಾರಿ ಕಡತದಲ್ಲಿ ಅದು ‘ಮುಟ್ಟುಗೋಲು’. ಮಾವೊರಿಯವರು ‘ರೌಪಟು’ ಅನ್ನುತ್ತಾರೆ, ಭೂಮಿ ಕಿತ್ತುಕೊಂಡಿದ್ದಕ್ಕೆ ‘ಮುರು’ ಅಂತ ಹೇಳುವುದೂ ಉಂಟು. ಅಂದರೆ ನಾನು ಆರಿಸುವ ಕನ್ನಡ ಪದ ಹಂದಿಗೂ ಭೂಮಿಗೂ ಎರಡಕ್ಕೂ ಒಗ್ಗಬೇಕು.

‘ಮುರು’ ಅಂತಲೇ ಬಿಟ್ಟು ಅಡಿಟಿಪ್ಪಣಿ ಹಾಕಬಹುದು. ಸುಲಭ, ಆದರೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಕಡೆ, ಮಲೆನಾಡಿರಲಿ, ಕೊಡಗಿರಲಿ, ಬಯಲುಸೀಮೆಯಿರಲಿ, ನೊಂದವರೇ ಬಂದು ವಸ್ತು ಎತ್ತಿಕೊಂಡು ಹೋಗಿ ಜಗಳ ಮುಗಿಸುವ ರೂಢಿ ಇತ್ತೇ? ಇದ್ದರೆ ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು?