ಪದಚರ್ಚೆ: ಬಾಕ್ಸ್ ಟರ್ಟಲ್‌ನ ‘ತಳಿ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಮೂರು ತಿಂಗಳ ಹಿಂದೆ ಪಕ್ಕದ ಮನೆಯ ಅಜ್ಜಿ ಮಗನ ಊರಿಗೆ ಹೊರಟಾಗ, ತಾವು ಇಪ್ಪತ್ತು ವರ್ಷ ಸಾಕಿದ ಆಮೆಯನ್ನು ನನ್ನ ಮಗಳ ಕೈಗೆ ಕೊಟ್ಟು ಹೋದರು. ಅದು ಮೊದಲು ಎಲ್ಲಿಂದ ಬಂತೆಂದು ಅವರಿಗೂ ನೆನಪಿಲ್ಲ. ಇದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು, ತಿಪಟೂರಿನ ಕಡೆ ಮೇಷ್ಟರಾಗಿರುವ ನನ್ನ ತಮ್ಮನ ಶಾಲೆಯ ಗೋಡೆಪತ್ರಿಕೆಗೆ ಕಳಿಸೋಣ ಎಂದು ಕೂತೆ. ಪದಗಳು ಸಿಗದೆ ಅರ್ಧಕ್ಕೇ ನಿಂತಿದ್ದೇನೆ. ದಯವಿಟ್ಟು ಸಹಾಯ ಮಾಡಿ.

ಮೊದಲು ಹೆಸರಿನ ವಿಷಯ. ಬಾಕ್ಸ್ ಟರ್ಟಲ್ ಎಂದರೆ ‘ಪೆಟ್ಟಿಗೆ ಆಮೆ’ ಎಂದು ಬರೆದುಬಿಡಬಹುದು. ಆದರೆ ಹಾಗೆಂದರೆ ಓದುವ ಮಗು ಪೆಟ್ಟಿಗೆಯಲ್ಲಿಟ್ಟು ಸಾಕುವ ಆಮೆ ಅಂದುಕೊಂಡೀತು. ಈ ಪ್ರಾಣಿಯ ವಿಶೇಷವಿರುವುದು ಅಡಿಚಿಪ್ಪಿನಲ್ಲಿ. ಎದೆಯ ಹತ್ತಿರ ಅಡ್ಡಕ್ಕೆ ಒಂದು ಕೀಲಿದೆ. ಹೆದರಿದಾಗ ಮುಂದಿನ ಭಾಗ, ಹಿಂದಿನ ಭಾಗ ಎರಡೂ ಮೇಲಕ್ಕೆದ್ದು ಮೇಲ್ಚಿಪ್ಪಿನ ಅಂಚಿಗೆ ಒತ್ತಿಕೊಳ್ಳುತ್ತವೆ. ಮೊನ್ನೆ ಹುಲ್ಲಿನ ಎಸಳೊಂದು ನಡುವೆ ಸಿಕ್ಕಿಕೊಂಡಿತ್ತು, ಎಳೆದರೆ ತುಂಡಾಯಿತೇ ಹೊರತು ಬಾಯಿ ಬಿಡಲಿಲ್ಲ. ನೋಡುತ್ತಿದ್ದ ನನಗೆ ತಾತನ ಎದೆಯ ಮೇಲಿರುತ್ತಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ನೆನಪಾಯಿತು. ‘ಕರಡಿಗೆ ಆಮೆ’ ಎಂದರೆ ಹೇಗೆ? ಮುಚ್ಚುವ ಗುಣ, ಒಳಗಿರುವುದನ್ನು ಕಾಯುವ ಗುಣ ಎರಡೂ ಆ ಪದದಲ್ಲಿವೆ. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆಗೂ ಹಿಂಗಾಲು ಮುಚ್ಚಿಕೊಳ್ಳಲು ಅಡಿಯಲ್ಲಿ ಮಡಿಕೆಗಳಿವೆ. ಅದಕ್ಕೆ ನಿಮ್ಮ ಕಡೆ ಬೇರೆಯೇ ಹೆಸರಿದ್ದರೆ ಅದನ್ನೂ ತಿಳಿಸಿ.

ನಿಜವಾದ ತೊಡಕು ಮುಂದಿದೆ. ಇಲ್ಲಿ ಯಾರಿಗೇ ತೋರಿಸಿದರೂ ಕೇಳುವುದು ಇದು ಯಾವ ಉಪಪ್ರಭೇದ, ಅಂದರೆ ಒಂದೇ ಪ್ರಭೇದದೊಳಗಿನ ಯಾವ ಬಗೆ ಎಂದು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಟ್ಟ ಒಂದೇ ಪ್ರಭೇದದಲ್ಲಿ ಪೂರ್ವದ ಆಮೆ, ಮೂರು ಬೆರಳಿನ ಆಮೆ, ಗಲ್ಫ್ (ಮೆಕ್ಸಿಕೊ ಕೊಲ್ಲಿ) ಕರಾವಳಿಯದು, ಫ್ಲೋರಿಡಾದ್ದು ಎಂದು ಹಲವು ಒಳಭೇದಗಳನ್ನು ಗುರುತಿಸಿದ್ದಾರೆ. ನನ್ನ ತಮ್ಮ ಫೋನಿನಲ್ಲಿ ಕೇಳಿದ್ದು “ಯಾವ ತಳಿನೋ ಅಣ್ಣ?” ಎಂದು. ಪತ್ರಿಕೆಗಳಲ್ಲೂ ಹೀಗೇ ಬರೆಯುವುದನ್ನು ನೋಡಿದ್ದೇನೆ. ನನಗೆ ಇದು ಸರಿಕಾಣುವುದಿಲ್ಲ. ಹಳ್ಳಿಕಾರ್ ತಳಿ, ಅಮೃತಮಹಲ್ ತಳಿ ಎನ್ನುವಾಗ ಅಲ್ಲಿ ತಲೆಮಾರುಗಟ್ಟಲೆ ಹೋರಿ ಆರಿಸಿ, ಹಸು ಆರಿಸಿ ಬೆಳೆಸಿದ ಜನರ ಕೈಯಿದೆ. ರಾಗಿಯ ತಳಿ, ಭತ್ತದ ತಳಿಯೂ ಹಾಗೆಯೇ. ಈ ಆಮೆಯ ಬಣ್ಣವನ್ನೋ ಬೆರಳನ್ನೋ ಯಾರೂ ಆರಿಸಿ ಬೆಳೆಸಿದ್ದಲ್ಲ. ಆಯಾ ಕಾಡು, ಆಯಾ ನೆಲ ಮಾಡಿದ್ದು. ‘ಒಳಜಾತಿ’ ಎನ್ನಲು ಮನಸ್ಸು ಬಾರದು, ಆ ಪದಕ್ಕೆ ನಮ್ಮಲ್ಲಿ ಬೇರೆ ಭಾರವಿದೆ. ‘ಉಪಪ್ರಭೇದ’ ಪಠ್ಯಪುಸ್ತಕಕ್ಕೆ ಸರಿ, ಐದನೇ ತರಗತಿಯ ಮಗುವಿನ ನಾಲಿಗೆಗೆ ಕಷ್ಟ. ನಾನು ‘ಒಳಬಗೆ’ ಎಂದು ಬರೆದಿದ್ದೇನೆ. ಒಪ್ಪಿಗೆಯೇ?

ಮೂರು ಬೆರಳಿನದರ ಹೆಸರಲ್ಲೂ ಒಂದು ಪ್ರಶ್ನೆ. ಲ್ಯಾಟಿನ್ನಿನಲ್ಲಿ ಅದು ‘ಟ್ರೈಅಂಗ್ವಿಸ್’. ಅಂಗ್ವಿಸ್ ಎಂದರೆ ಉಗುರು. ಇಂಗ್ಲಿಷಿನವರು ಅದನ್ನು ಬೆರಳು ಮಾಡಿದರು. ನಾವು ಮೂಲಕ್ಕೇ ಹೋಗಿ ‘ಮೂರುಗುರಿನ ಆಮೆ’ ಎನ್ನೋಣವೇ, ಇಲ್ಲ ಮುಕ್ಕಣ್ಣ, ಮುಮ್ಮಡಿ, ಮುಪ್ಪುರಿಗಳ ದಾರಿಯಲ್ಲಿ ‘ಮುಬ್ಬೆರಳ ಆಮೆ’ ಎಂದರೆ ವ್ಯಾಕರಣಕ್ಕೆ ಒಪ್ಪುತ್ತದೆಯೇ? ಬಲ್ಲವರು ಹೇಳಬೇಕು.

ನಮ್ಮದು ಯಾವುದೆಂದು ನೋಡಲು ಮಗಳೂ ನಾನೂ ಟಾರ್ಚ್ ಹಿಡಿದು ಕೂತೆವು. ಎಣಿಸಬೇಕಾದದ್ದು ಹಿಂಗಾಲಿನ ಬೆರಳು, ಮುಟ್ಟಿದರೆ ಒಳಗೆಳೆದುಕೊಳ್ಳುತ್ತದೆ. ತೊಟ್ಟಿಯ ನೀರಿಗೆ ಬಿಟ್ಟಾಗ ಕಾಲು ಚಾಚಿತು. ಎಡಗಾಲಿನಲ್ಲಿ ಮೂರು. ಬಲಗಾಲಿನಲ್ಲಿ ಮೂರು ಮತ್ತು ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ಉಗುರು! ಪೂರ್ವದ ಆಮೆಗೆ ಸಾಮಾನ್ಯವಾಗಿ ನಾಲ್ಕಿರಬೇಕು, ಎತ್ತರದ ಕಪ್ಪುಕಂದು ಚಿಪ್ಪಿನ ಮೇಲೆ ಹಳದಿ, ಕಿತ್ತಳೆ ಗೀರುಗಳಿರಬೇಕು. ನಮ್ಮದರ ಚಿಪ್ಪು ಹೆಚ್ಚುಕಡಿಮೆ ಬೋಳು, ಒಣಗಿದ ಹುಣಸೆಯೋಡಿನ ಬಣ್ಣ; ಕತ್ತಿನ ಬಳಿ ಕಿತ್ತಳೆ ಚುಕ್ಕೆಗಳಿವೆ. ಅದು ಮೂರು ಬೆರಳಿನದರ ಲಕ್ಷಣ. ಬರೀ ಬೆರಳು ನಂಬುವ ಹಾಗೂ ಇಲ್ಲ, ಫ್ಲೋರಿಡಾದ ಆಮೆಗೂ ಬಹುಪಾಲು ಮೂರೇ. ಆದರೆ ಅದರ ಚಿಪ್ಪಿನಲ್ಲಿ ನಡುವಿನಿಂದ ಸೂರ್ಯನ ಕಿರಣಗಳ ಹಾಗೆ ಹಳದಿ ಗೆರೆ ಹರಡಿರುತ್ತವೆ. ಗಲ್ಫ್ ಕರಾವಳಿಯದು ಎಲ್ಲಕ್ಕಿಂತ ದೊಡ್ಡದು, ಚಿಪ್ಪಿನ ಹಿಂದಿನ ಅಂಚು ಹೊರಕ್ಕೆ ಚಾಚಿರುತ್ತದೆ.

ಹಾಗಾದರೆ ಆ ಸಾಸಿವೆ ಉಗುರು ಎಲ್ಲಿಂದ ಬಂತು? ಎರಡು ಒಳಬಗೆಗಳ ನೆಲೆ ಕೂಡುವಲ್ಲಿ ಅವು ಬೆರೆಯುತ್ತವೆ, ಹುಟ್ಟುವ ಮರಿಗಳಲ್ಲಿ ಎರಡರ ಗುರುತೂ ಇರುತ್ತದೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ. ‘ಬೆರಕೆ’ ಎಂದರೆ ಕಲಬೆರಕೆಯ ವಾಸನೆ ಬರುತ್ತದೆ, ‘ಸಂಕರ’ ಅದಕ್ಕಿಂತ ಕಟು. ಇಲ್ಲಿ ಕೆಟ್ಟದ್ದೇನೂ ನಡೆದಿಲ್ಲ. ಧಾರವಾಡದ ಮಾತು ಎಲ್ಲಿ ಮುಗಿದು ಕಲಬುರಗಿಯದು ಎಲ್ಲಿ ಶುರುವಾಗುತ್ತದೆಂದು ಯಾರೂ ಗೆರೆ ಎಳೆದು ತೋರಿಸಲಾರರು. ನಡುವಿನ ಊರುಗಳಲ್ಲಿ ಎರಡೂ ಕೇಳುತ್ತದೆ, ಅದೂ ಆ ಊರಿನ ಸಹಜ ಮಾತೇ. ಆಮೆಯ ಕಥೆಯೂ ಅದೇ. ‘ಗಡಿಬಗೆ’ ಎನ್ನಬಹುದೇ? ಭಾಷೆ, ಉಪಭಾಷೆಗಳ ಜಗಳವೂ ಇಲ್ಲಿದೆ: 2013ರಲ್ಲಿ ಪ್ರಕಟವಾದ ಒಂದು ಡಿಎನ್ಎ ಅಧ್ಯಯನ ಮೂರು ಬೆರಳಿನದನ್ನು ಪೂರ್ವದ ಆಮೆಯ ಪ್ರಭೇದದಿಂದಲೇ ಬೇರ್ಪಡಿಸಬೇಕೆಂದು ಸೂಚಿಸಿತು. ಎಲ್ಲರೂ ಒಪ್ಪಿಲ್ಲ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, “ಅದೆಲ್ಲ ಇರ್ಲಿ, ಅದು ಯಾವ ಕಡೇದು ಅಂತ ಹೇಳು” ಎಂದರು. ಉಪಪ್ರಭೇದ ಎಂದರೆ ಅಷ್ಟೇ ಅಲ್ಲವೇ? ಕಾಡಿನಲ್ಲಿ ಈ ಆಮೆ ಹೆಚ್ಚಾಗಿ ಕೆಲವೇ ನೂರು ಮೀಟರಿನ ಜಾಗದಲ್ಲಿ ಜೀವಮಾನ ಕಳೆಯುತ್ತದೆ. ನಮ್ಮದು ನಾರ್ತ್ ಕ್ಯಾರೊಲಿನಾ ಕಡೆಯದಲ್ಲ, ಇಲ್ಲಿಂದ ಪಶ್ಚಿಮಕ್ಕೆ ಅಲಬಾಮಾ, ಮಿಸಿಸಿಪ್ಪಿಗಳ ಕಡೆಯದು ಎಂಬುದು ನನ್ನ ಊಹೆ. ಹಾಗಾಗಿ ಇಲ್ಲಿನ ಕಾಡಿಗೆ ಬಿಡುವ ಹಾಗಿಲ್ಲ, ನಮ್ಮಲ್ಲೇ ಇರುತ್ತದೆ.

ಗೋಡೆಪತ್ರಿಕೆಗೆ ಹತ್ತು ದಿನ ಸಮಯವಿದೆ. ಒಳಬಗೆ, ಗಡಿಬಗೆ, ಕರಡಿಗೆ ಆಮೆ: ಮೂರರಲ್ಲಿ ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ?